ಮಾವಿನ ಎಲೆಯ ಮೇಲೂ ಒಳಗೂ

ಚೆನ್ನೈಯ ವೆಸ್ಟ್ ಮಾಂಬಲಂನಲ್ಲಿ ಮರದ ನೆತ್ತಿಯನ್ನು ನೋಡಲು ಮರ ಹತ್ತಬೇಕಿಲ್ಲ. ಮೂರು ಮಹಡಿಯ ಯಾವುದಾದರೂ ಅಪಾರ್ಟ್‌ಮೆಂಟಿನ ತಾರಸಿಗೆ ಹೋಗಿ ನಿಂತರೆ ಸಾಕು. ಬೀದಿಯ ಬೇವು, ಮೂಲೆಯ ಹೊಂಗೆ, ಪಕ್ಕದ ಹಿತ್ತಲಿನ ಮಾವು ಎಲ್ಲವೂ ನಿಮ್ಮ ಎದೆಮಟ್ಟಕ್ಕೆ ಬಂದಿರುತ್ತವೆ. ಮಾವಿನ ಕೊಂಬೆಯೊಂದು ಕೈಗೆ ಎಟುಕುವಂತಿದ್ದರೆ ಇನ್ನೂ ಒಳ್ಳೆಯದು. ಒಂದು ಹಳೆಯ ಎಲೆಯನ್ನು ಹಿಡಿದು ಸುಮ್ಮನೆ ನೋಡಿ. ಅದರ ಮೇಲೆ ಅಲ್ಲಲ್ಲಿ ಕಪ್ಪು ಪುಡಿ ಕೂತಿರುತ್ತದೆ, ಅಂಚಿನಲ್ಲಿ ಕಂದು ಚುಕ್ಕೆಗಳಿರುತ್ತವೆ. ಉಳಿದ ಭಾಗ ಚೊಕ್ಕ ಹಸಿರಾಗಿ ಕಾಣುತ್ತದೆ. ಈ ಮೂರೂ ಕಡೆ, ಆ ಚೊಕ್ಕ ಹಸಿರಿನಲ್ಲಿ ಕೂಡ, ಶಿಲೀಂಧ್ರಗಳು ಬದುಕುತ್ತಿವೆ. ಅವುಗಳನ್ನು ನಿಮಗೆ ಪರಿಚಯಿಸುವುದು ಈ ಲೇಖನದ ಕೆಲಸ. ಇದಕ್ಕೆ ಸಸ್ಯಶಾಸ್ತ್ರ ಓದಿರಬೇಕಾಗಿಲ್ಲ, ಕುತೂಹಲವೊಂದಿದ್ದರೆ ಸಾಕು.

ಮೊದಲು ಎರಡು ಮೂರು ಪದಗಳನ್ನು ತಿಳಿದುಕೊಳ್ಳೋಣ. ಕಾಡಿನ ಮರಗಳ ಮೇಲ್ಭಾಗದ ಕೊಂಬೆ ಎಲೆಗಳೆಲ್ಲ ಒಂದಕ್ಕೊಂದು ತಾಗಿಕೊಂಡು ನೆಲಕ್ಕೆ ನೆರಳಾಗುವ ಪದರವನ್ನು ಮೇಲ್ಚಾವಣಿ ಎನ್ನುತ್ತಾರೆ. ಶಿಲೀಂಧ್ರ ಎಂದರೆ ಅಣಬೆ, ಬೂಷ್ಟು, ಯೀಸ್ಟ್ ಇವೆಲ್ಲ ಸೇರಿದ ಜೀವಿವರ್ಗ. ಅವು ಗಿಡಗಳಲ್ಲ, ಏಕೆಂದರೆ ಬಿಸಿಲಿನಿಂದ ಆಹಾರ ತಯಾರಿಸಲಾರವು. ಪ್ರಾಣಿಗಳೂ ಅಲ್ಲ, ಏಕೆಂದರೆ ಅವಕ್ಕೆ ಬಾಯಿಯಿಲ್ಲ. ಜೀರ್ಣರಸವನ್ನು ಮೈಯಿಂದ ಹೊರಗೆ ಸುರಿಸಿ, ಕರಗಿದ್ದನ್ನು ಹೀರಿಕೊಂಡು ಬದುಕುತ್ತವೆ. ಬಹುಪಾಲು ಶಿಲೀಂಧ್ರಗಳ ದೇಹ ಸಣ್ಣ ನೂಲುಗಳಿಂದ ಆದದ್ದು. ಒಂದೊಂದು ನೂಲಿಗೆ ತಂತು ಎಂದು ಹೆಸರು. ಅವುಗಳ ಸಂತಾನ ಹರಡುವುದು ಬೀಜಕಗಳೆಂಬ ಸೂಕ್ಷ್ಮ ಕಣಗಳಿಂದ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್, ಎಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎಪ್ಪತ್ತು ಪಾಲು. ತಂತುವಿನ ದಪ್ಪ ಸಾಮಾನ್ಯವಾಗಿ 2ರಿಂದ 10 ಮೈಕ್ರೋಮೀಟರ್. ಅಣಬೆಯಂತೆ ಕೊಡೆ ಬಿಡದೆ ಬರೀ ತಂತು ಮತ್ತು ಬೀಜಕಗಳ ಮಟ್ಟದಲ್ಲಿಯೇ ಬದುಕು ಮುಗಿಸುವ ಶಿಲೀಂಧ್ರಗಳನ್ನು ಸೂಕ್ಷ್ಮ ಶಿಲೀಂಧ್ರಗಳು ಎನ್ನೋಣ.

ನಿಮಗೆ ತಾರಸಿಯಿಂದ ಸುಲಭವಾಗಿ ಸಿಕ್ಕಿದ್ದು ಕಾಡಿನ ಸಂಶೋಧಕರಿಗೆ ಸುಲಭವಲ್ಲ. ಪನಾಮಾದಲ್ಲಿ 1990ರಲ್ಲಿ ಕಟ್ಟಡ ಕಟ್ಟುವ ಕ್ರೇನನ್ನೇ ಕಾಡಿನೊಳಗೆ ನಿಲ್ಲಿಸಿ, ಅದಕ್ಕೆ ತೊಟ್ಟಿಲು ತೂಗುಹಾಕಿ, ಮರಗಳ ನೆತ್ತಿಯನ್ನು ತಲುಪಿದರು. ನಮ್ಮ ಪಶ್ಚಿಮ ಘಟ್ಟದ ದಕ್ಷಿಣ ತುದಿಯ ಕಳಕ್ಕಾಡು ಕಾಡಿನಲ್ಲಿ ಸೌಭದ್ರಾ ದೇವಿ, ಟಿ. ಗಣೇಶ್ ಮುಂತಾದವರು ಒಂಟಿ ಹಗ್ಗ ಹಿಡಿದು ಹತ್ತಿ ಕೆಲಸ ಮಾಡಿದರು. ಇಷ್ಟು ಕಷ್ಟಪಡುವುದಕ್ಕೆ ಕಾರಣವಿದೆ. ಮೇಲ್ಚಾವಣಿಯ ಹವೆ ನೆಲದ ಹವೆಯಲ್ಲ. ಹಗಲು ಸುಡುವ ಬಿಸಿಲು ಮತ್ತು ಗಾಳಿ, ರಾತ್ರಿ ಇಬ್ಬನಿ, ಮಳೆಗಾಲದಲ್ಲಿ ಮೇಲಿಂದ ಮೇಲೆ ನೆನೆಯುವುದು, ನಡುವೆ ತಿಂಗಳುಗಟ್ಟಲೆ ಒಣಗುವುದು. ಶಿಲೀಂಧ್ರಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ನೀರು. ಅದು ಹೀಗೆ ಬಂದು ಹೋಗುವ ಜಾಗದಲ್ಲಿ ಬದುಕುವುದನ್ನು ಕಲಿತವುಗಳ ರೀತಿಯೇ ಬೇರೆ.

ಇನ್ನು ಎಲೆಗೆ ಬರೋಣ. ಮಾವಿನ ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬಿದ್ದಿರುವಾಗ ಅದರ ಒಳಗೆ ಶಿಲೀಂಧ್ರ ಹೆಚ್ಚುಕಡಿಮೆ ಇರುವುದೇ ಇಲ್ಲ. ತಾಯಿಮರ ತನ್ನ ಶಿಲೀಂಧ್ರಗಳನ್ನು ಚಿಗುರಿಗೆ ದಾಟಿಸುವುದಿಲ್ಲ. ಪ್ರತಿಯೊಂದು ಎಲೆಯೂ ತನ್ನ ಪಾಲಿನದನ್ನು ಗಾಳಿಯಿಂದ, ಮಳೆಹನಿಯಿಂದ ಪಡೆದುಕೊಳ್ಳಬೇಕು. ಮೊದಲು ಬರುವವರಲ್ಲಿ ಯೀಸ್ಟ್‌ಗಳು ಮುಖ್ಯ. ಯೀಸ್ಟ್ ಎಂದರೆ ತಂತು ಹೆಣೆಯದೆ ಬಿಡಿ ಜೀವಕೋಶಗಳಾಗಿ ಬದುಕುವ ಶಿಲೀಂಧ್ರ. ಎಲೆಯ ಮೇಲ್ಮೈಯಲ್ಲಿ ಒಸರುವ ಅತಿ ಕಡಿಮೆ ಸಕ್ಕರೆ, ಹೂವಿನಿಂದ ಉದುರಿದ ಪರಾಗ, ಧೂಳು ಇಷ್ಟೇ ಅವುಗಳ ಆಹಾರ. ಅವುಗಳಲ್ಲಿ ಸ್ಪೊರೊಬೊಲೊಮೈಸಿಸ್ ಎಂಬ ಗುಲಾಬಿ ಬಣ್ಣದ ಯೀಸ್ಟ್ ತನ್ನ ಬೀಜಕವನ್ನು ಗಾಳಿಗೆ ಚಿಮ್ಮಿಸುತ್ತದೆ. ಈ ಚಿಮ್ಮುವಿಕೆಯನ್ನು ನೀವೇ ಮನೆಯಲ್ಲಿ ಹಿಡಿಯಬಹುದು. ವಿಧಾನವನ್ನು ಕೊನೆಯಲ್ಲಿ ಹೇಳುತ್ತೇನೆ. 1950ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಎಫ್. ಟಿ. ಲಾಸ್ಟ್ ಮತ್ತು ಡಚ್ ವಿಜ್ಞಾನಿ ಯಾಕೋಬಾ ರುಯಿನೆನ್ ಎಲೆಯ ಮೇಲ್ಮೈ ಒಂದು ಸ್ವತಂತ್ರ ಜೀವಲೋಕವೆಂದು ವಾದಿಸಿದರು. ಬೇರಿನ ಸುತ್ತಲಿನ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿವೆ ಎಂದು ಒಪ್ಪಿದ್ದ ವಿಜ್ಞಾನ ಎಲೆಯ ಕಡೆ ತಿರುಗಿದ್ದು ಆಮೇಲೆಯೇ.

ಈಗ ಕಪ್ಪು ಪುಡಿ. ಇಲ್ಲಿ ಹೊಸಬರು ಸಾಮಾನ್ಯವಾಗಿ ಎರಡು ಬೇರೆ ಶಿಲೀಂಧ್ರಗಳನ್ನು ಒಂದೇ ಎಂದುಕೊಳ್ಳುತ್ತಾರೆ, ಆದ್ದರಿಂದ ನಿಧಾನವಾಗಿ ನೋಡಿ. ಒದ್ದೆ ಬಟ್ಟೆಯಿಂದ ಎಲೆಯನ್ನು ಒರೆಸಿ. ಕಪ್ಪು ಬಟ್ಟೆಗೆ ಬಂದು, ಕೆಳಗೆ ಹಸಿರು ಕಂಡರೆ ಅದು ಮಸಿ ಬೂಷ್ಟು. ಅದು ಎಲೆಯನ್ನು ತಿನ್ನುವುದೇ ಇಲ್ಲ. ಮೇಲಿನ ಕೊಂಬೆಯಲ್ಲಿ ಕೂತ ಜಿಗಿಹುಳು, ಹಿಟ್ಟು ತಿಗಣೆಗಳು ಮರದ ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಅಂಟುಹನಿಯಾಗಿ ಕೆಳಗೆ ಬಿಡುತ್ತವೆ. ಮಸಿ ಬೂಷ್ಟು ಆ ಸಿಹಿಯ ಮೇಲೆ ಬೆಳೆಯುತ್ತದೆ. ದಟ್ಟವಾದರೆ ಎಲೆಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ, ಹಾನಿಯೆಂದರೆ ಅಷ್ಟೇ. ದಾಸವಾಳದ ಕುಂಡದಲ್ಲಿ ಇದು ಕಂಡರೆ ಬೂಷ್ಟಿಗೆ ಔಷಧ ಹೊಡೆಯುವುದು ದಂಡ, ಕೀಟವನ್ನು ಹುಡುಕಿ. ಒರೆಸಿದರೂ ಹೋಗದ, ದುಂಡಗಿನ, ತುಸು ತುಪ್ಪುಳಿನಂತಹ ಕಪ್ಪು ಚುಕ್ಕೆಗಳಾದರೆ ಅದು ಬೇರೆ ಕುಲ: ಮೆಲಿಯೋಲಾ ಮತ್ತು ಅದರ ಬಂಧುಗಳು. ಇವುಗಳ ತಂತು ಎಲೆಯ ಮೇಲೆಯೇ ಹರಡಿದರೂ ಸಣ್ಣ ಹೀರುಕೊಳವೆಗಳನ್ನು ಎಲೆಯ ಜೀವಕೋಶದೊಳಗೆ ಇಳಿಸಿ ಅಲ್ಲಿಂದ ಉಣ್ಣುತ್ತವೆ. ಬದುಕಿದ ಎಲೆಯಲ್ಲದೆ ಬೇರೆಲ್ಲೂ ಇವು ಬೆಳೆಯಲಾರವು, ಆದ್ದರಿಂದ ಪ್ರಯೋಗಾಲಯದ ಗಾಜಿನ ತಟ್ಟೆಗೂ ಒಗ್ಗುವುದಿಲ್ಲ. ದಕ್ಷಿಣದ ಕಾಡುಗಳಲ್ಲಿ ಇವುಗಳನ್ನು ಎಲೆ ಎಲೆ ಹುಡುಕಿ ವಿವರಿಸಿದವರು ವಿ. ಬಿ. ಹೊಸಗೌಡರ. ಭಾರತದ ಮೆಲಿಯೋಲಾ ಗಣದ ಬಗ್ಗೆ ಅವರ ಗ್ರಂಥದ ಮೊದಲ ಸಂಪುಟ 1996ರಲ್ಲಿ ಬಂತು. ಕಪ್ಪೇ ಏಕೆ ಎಂದು ನೀವು ಕೇಳಬಹುದು. ತಂತುವಿನ ಗೋಡೆಯಲ್ಲಿ ಮೆಲನಿನ್ ತುಂಬಿದೆ, ನಮ್ಮ ಚರ್ಮಕ್ಕೆ ಬಣ್ಣ ಕೊಡುವ ವಸ್ತುವಿನ ಜಾತಿಯದೇ. ನೆತ್ತಿಯ ಬಿಸಿಲಿನಲ್ಲಿ ಅದಿಲ್ಲದೆ ನಡೆಯದು.

ಕಲ್ಲುಹೂವಿನ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಬೇರೆಯದೇ ಲೇಖನ ಬೇಕು: ಮಸಾಲೆಗೆ ಹಾಕುವ ಆ ಬೂದು ಪದರವೂ ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಕೂಡಿ ನಡೆಸುವ ಸಂಸಾರ, ಮಲೆನಾಡಿನ ಮರಗಳ ತೊಗಟೆಯಲ್ಲಿ ಹೇರಳ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಎಲೆಯ ಚೊಕ್ಕ ಹಸಿರು ಭಾಗ. ಅಲ್ಲಿ ಏನೂ ಕಾಣುವುದಿಲ್ಲ, ಆದರೆ ಎಲೆಯ ಒಳಗೆ, ಜೀವಕೋಶಗಳ ಸಂದಿಗಳಲ್ಲಿ, ಶಿಲೀಂಧ್ರದ ತಂತುಗಳು ಎಲೆಗೆ ಯಾವ ರೋಗವನ್ನೂ ತಾರದೆ ಬದುಕಿರುತ್ತವೆ. ಇವುಗಳಿಗೆ ಒಳವಾಸಿ ಶಿಲೀಂಧ್ರಗಳು ಎನ್ನೋಣ. ಬೀಜಕ ಎಲೆಯ ಮೇಲೆ ಬಿದ್ದು, ತೇವ ಸಿಕ್ಕ ಕೂಡಲೇ ಮೊಳೆತು, ಪತ್ರರಂಧ್ರದ ಮೂಲಕವೋ ಮೇಲ್ಪೊರೆಯನ್ನು ತೂರಿಯೋ ಒಳಗೆ ಹೋಗುತ್ತದೆ. ಆಮೇಲೆ ಅಲ್ಲಿಯೇ ಸುಮ್ಮನಾಗುತ್ತದೆ.

ಕಣ್ಣಿಗೆ ಕಾಣದ್ದು ಇದೆ ಎಂದು ತಿಳಿಯುವುದು ಹೇಗೆ? ವಿಧಾನ ಸರಳ. ಎಲೆಯನ್ನು ತೊಳೆದು, ಅರ್ಧ ಚದರ ಸೆಂಟಿಮೀಟರಿನ ಚೂರುಗಳಾಗಿ ಕತ್ತರಿಸುತ್ತಾರೆ. ಚೂರುಗಳನ್ನು ಕೆಲವು ಸೆಕೆಂಡು ಆಲ್ಕೋಹಾಲಿನಲ್ಲಿ, ಸುಮಾರು ಒಂದೂವರೆ ನಿಮಿಷ ಬ್ಲೀಚ್ ದ್ರಾವಣದಲ್ಲಿ ಅದ್ದುತ್ತಾರೆ. ಮೇಲ್ಮೈಯಲ್ಲಿದ್ದ ಎಲ್ಲವೂ ಸಾಯುತ್ತದೆ, ಒಳಗಿರುವುದು ಉಳಿಯುತ್ತದೆ. ನಂತರ ಶುದ್ಧ ನೀರಿನಲ್ಲಿ ತೊಳೆದು, ಆಲೂಗಡ್ಡೆಯ ಕಷಾಯ ಬೆರೆಸಿ ಹೆಪ್ಪುಗಟ್ಟಿಸಿದ ಅಗಾರ್ ತಟ್ಟೆಯ ಮೇಲೆ ಇಡುತ್ತಾರೆ. ಕೆಲವು ದಿನಗಳಲ್ಲಿ ಚೂರಿನ ಅಂಚಿನಿಂದ ತಂತುಗಳು ಹೊರಕ್ಕೆ ಬರತೊಡಗುತ್ತವೆ. ಆರೋಗ್ಯವಂತ ಎಲೆಯಿಂದ ಅವು ಹೊರಬರುವುದನ್ನು ಮೊದಲ ಬಾರಿ ನೋಡಿದ ವಿದ್ಯಾರ್ಥಿ ತಟ್ಟೆ ಕೆಟ್ಟುಹೋಗಿದೆ ಎಂದು ಎಸೆಯಲು ಹೊರಡುವುದುಂಟು.

ಈ ಕೆಲಸ ಭಾರತದಲ್ಲಿ ಬೆಳೆದ ಒಂದು ಮುಖ್ಯ ಜಾಗ ನಮ್ಮ ಚೆನ್ನೈಯೇ. ಟಿ. ಎಸ್. ಸೂರ್ಯನಾರಾಯಣನ್ ಮತ್ತು ಅವರ ಶಿಷ್ಯರು ಮೊದಲು ಮೈಲಾಪುರದ ವಿವೇಕಾನಂದ ಕಾಲೇಜಿನಲ್ಲಿ, ಆಮೇಲೆ ರಾಮಕೃಷ್ಣ ಮಿಷನ್ನಿನ ಉಷ್ಣವಲಯ ಶಿಲೀಂಧ್ರ ಸಂಸ್ಥೆಯಲ್ಲಿ ಇದನ್ನು ವರ್ಷಾನುಗಟ್ಟಲೆ ಮಾಡಿದರು. 2000ದಲ್ಲಿ ಕೆ. ರಾಜಗೋಪಾಲ್ ಅವರೊಡನೆ ಅವರು ಪ್ರಕಟಿಸಿದ ಅಧ್ಯಯನ ಬೇವಿನ ಎಲೆಯದು. ಬೇವಿನ ಎಲೆಯಲ್ಲಿ ಸಿಕ್ಕ ಒಳವಾಸಿಗಳ ಬಗೆ ಬೆರಳೆಣಿಕೆಯಷ್ಟು ಮಾತ್ರ. ಯುಗಾದಿಯ ದಿನ ಬಾಯಿಗೆ ಹಾಕಿಕೊಂಡು ಮುಖ ಕಿವುಚುವ ನಮಗೆ ಇದು ಆಶ್ಚರ್ಯವಲ್ಲ. ಶಿಲೀಂಧ್ರಗಳನ್ನು ತಡೆಯುವ ರಸಾಯನಗಳು ಆ ಎಲೆಯಲ್ಲಿವೆ, ಎಲ್ಲರೂ ಒಳಗೆ ಬರಲಾಗುವುದಿಲ್ಲ. ಮಾವು ಅಷ್ಟು ಬಿಗಿಯಲ್ಲ. ಅದರ ಎಲೆಯಲ್ಲಿ ಫಿಲೋಸ್ಟಿಕ್ಟಾ, ಕೊಲ್ಲೆಟೋಟ್ರೈಕಂ ಮುಂತಾದವು ಸಾಮಾನ್ಯ. ಈ ಕೊಲ್ಲೆಟೋಟ್ರೈಕಂ ಕುಲದವೇ ಮಾವಿನ ಹಣ್ಣಿನ ಮೇಲೆ ಕಪ್ಪು ಮಚ್ಚೆಯೆಬ್ಬಿಸುವ ಚಿಬ್ಬುರೋಗಕ್ಕೂ ಕಾರಣ. ಒಂದೇ ಕುಲ ಎಲೆಯಲ್ಲಿ ಸಾಧು, ಹಣ್ಣಿನಲ್ಲಿ ಕೇಡಿ. ರೋಗಾಣು, ಮಿತ್ರ ಎಂದು ಮೊದಲೇ ಚೀಟಿ ಅಂಟಿಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ.

ಸೂರ್ಯನಾರಾಯಣನ್ ಅವರ ತಂಡ ಇದೇ ವಿಧಾನವನ್ನು ಮುದುಮಲೈ ಕಾಡಿಗೆ ಒಯ್ದಿತು. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವಾಗ ಬಂಡೀಪುರ ಮುಗಿದ ಕೂಡಲೇ ಬರುವ ಕಾಡು ಅದು. ಸಣ್ಣ ಹರವಿನಲ್ಲಿಯೇ ಮುಳ್ಳುಕುರುಚಲು ಕಾಡಿನಿಂದ ತೇವದ ಕಾಡಿನವರೆಗೆ ಮಳೆಯ ಪ್ರಮಾಣ ಬದಲಾಗುತ್ತಾ ಹೋಗುವುದರಿಂದ ಹೋಲಿಸಲು ತುಂಬ ಅನುಕೂಲ. ಅಲ್ಲಿ ಕಂಡದ್ದು ಇದು: ಮಳೆ ಬಂದ ಮೇಲೆ ಒಳವಾಸಿಗಳು ಹೆಚ್ಚುತ್ತವೆ, ಮತ್ತು ಒಂದೊಂದು ಜಾತಿಯ ಮರಕ್ಕೂ ಅದರದೇ ಶಿಲೀಂಧ್ರ ಎಂಬಂತಿಲ್ಲ, ಕೆಲವೇ ಬಗೆಗಳು ಹಲವು ಮರಗಳನ್ನು ಹಂಚಿಕೊಂಡಿವೆ. ಒಂದಕ್ಕೊಂದು ಸಂಬಂಧವಿಲ್ಲದ ಮರಗಳ ಎಲೆಯಿಂದ ಬಂದ ಫಿಲೋಸ್ಟಿಕ್ಟಾಗಳ ಡಿಎನ್‌ಎಯನ್ನು 2003ರಲ್ಲಿ ಹೋಲಿಸಿದಾಗ ಅವು ಒಂದೇ ಪ್ರಭೇದವೆಂದು ತಿಳಿಯಿತು.

ಇದು ಏಕೆ ಮುಖ್ಯವೆಂದರೆ, ಪನಾಮಾದ ಬಾರೋ ಕೊಲರಾಡೋ ದ್ವೀಪದಿಂದ ಬಂದ ಸುದ್ದಿ ಬೇರೆಯೇ ಇತ್ತು. ಎಲಿಜಬೆತ್ ಆರ್ನಾಲ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದಂತೆ, ಕೇವಲ ಎರಡು ಜಾತಿಯ ಮರಗಳ 83 ಎಲೆಗಳಲ್ಲಿ ರೂಪದಿಂದ ಬೇರೆಯೆನಿಸುವ 418 ಬಗೆಯ ಒಳವಾಸಿಗಳು ಸಿಕ್ಕಿದವು. ಅರ್ಧಕ್ಕಿಂತ ಹೆಚ್ಚಿನವು ಒಂದೊಂದೇ ಬಾರಿ ಕಂಡವು. ಇಂತಹ ಲೆಕ್ಕವನ್ನು ಪ್ರಪಂಚದ ಎಲ್ಲ ಮರಗಳಿಗೆ ಗುಣಿಸಿದರೆ ಶಿಲೀಂಧ್ರಗಳ ಸಂಖ್ಯೆ ಎಲ್ಲಿಗೋ ಹೋಗುತ್ತದೆ. ಮುದುಮಲೈಯ ಫಲಿತಾಂಶ ಆ ಗುಣಾಕಾರಕ್ಕೆ ಕಡಿವಾಣ ಹಾಕುತ್ತದೆ. ಒಣಕಾಡು ಒಂದು ರೀತಿ, ಮಳೆಕಾಡು ಇನ್ನೊಂದು ರೀತಿ. ಒಂದರಿಂದ ಇನ್ನೊಂದನ್ನು ಊಹಿಸುವ ಆತುರ ಬೇಡ. 2017ರಲ್ಲಿ ಹಾಕ್ಸ್‌ವರ್ತ್ ಮತ್ತು ಲೂಕಿಂಗ್ ಪ್ರಪಂಚದಲ್ಲಿ ಒಟ್ಟು 22 ಲಕ್ಷದಿಂದ 38 ಲಕ್ಷ ಶಿಲೀಂಧ್ರ ಪ್ರಭೇದಗಳಿರಬಹುದೆಂದು ಅಂದಾಜಿಸಿದರು. ಆಗ ಹೆಸರು ಪಡೆದಿದ್ದವು ಸುಮಾರು 1,20,000 ಮಾತ್ರ.

ಒಳವಾಸಿಯಿಂದ ಮರಕ್ಕೇನು ಲಾಭ? ಆರ್ನಾಲ್ಡ್ ಅವರ ತಂಡವೇ 2003ರಲ್ಲಿ ಕೋಕೋ ಗಿಡದ ಮೇಲೆ ಪರೀಕ್ಷಿಸಿತು. ಒಳವಾಸಿಗಳನ್ನು ಹಚ್ಚಿದ ಎಲೆಗಳು ಫೈಟಾಫ್ತೋರಾ ಎಂಬ ರೋಗಕಾರಕದ ದಾಳಿಗೆ ಕಡಿಮೆ ಬಲಿಯಾದವು. ಫೈಟಾಫ್ತೋರಾ ನಮಗೆ ಹೊರಗಿನದಲ್ಲ. ಅಡಿಕೆಯ ಕೊಳೆರೋಗ ಅದರದೇ ಕೈವಾಡ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಆ ರೋಗದ ಬಗ್ಗೆ ಅಧ್ಯಯನ ಪ್ರಕಟಿಸಿದ್ದರು. (ಅದು ಶಿಲೀಂಧ್ರದಂತೆ ಕಂಡರೂ ಹುಟ್ಟಿನಿಂದ ಬೇರೆ ವಂಶದ್ದು ಎಂದು ಈಗ ತಿಳಿದಿದೆ, ಅದು ಬೇರೆ ಮಾತು.) ಮಳೆಗಾಲದ ಮುಂಚೆ ಅಡಿಕೆಮರ ಹತ್ತಿ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವವರನ್ನು ನೀವು ಕಂಡಿರಬಹುದು. ತಾಮ್ರ ಕೇಡಿಯನ್ನೂ ಸಾಧುವನ್ನೂ ಬೇರೆಮಾಡಿ ನೋಡುವುದಿಲ್ಲ. ಕೊಳೆರೋಗ ಬಂದ ತೋಟದ ಕಷ್ಟ ಗೊತ್ತಿರುವ ನಾನು ಸಿಂಪರಣೆ ಬೇಡ ಎನ್ನಲಾರೆ. ಆದರೆ ಮರದ ನೆತ್ತಿಯಲ್ಲಿ ಆಗಲೇ ಕಾವಲಿರುವವರನ್ನು ಎಣಿಕೆಗೆ ತೆಗೆದುಕೊಂಡು ಮದ್ದು ಹುಡುಕುವ ಕಾಲ ಬಂದಿದೆ ಎಂದು ಮಾತ್ರ ಹೇಳಬಲ್ಲೆ.

ಎಲೆ ಹಣ್ಣಾದಾಗ ಕಥೆ ತಿರುಗುತ್ತದೆ. ಮರ ತನ್ನ ಸತ್ವವನ್ನು ಎಲೆಯಿಂದ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಎಲೆಯ ರಕ್ಷಣೆ ಸಡಿಲಾಗುತ್ತದೆ. ಇಷ್ಟು ದಿನ ಸುಮ್ಮನಿದ್ದ ಕೆಲವು ಒಳವಾಸಿಗಳು ಬೆಳೆಯಲು ಶುರುಮಾಡುತ್ತವೆ. ಎಲೆ ಕೊಳೆಯುವ ಕೆಲಸ ನೆಲಕ್ಕೆ ಬಿದ್ದ ಮೇಲೆ ಶುರುವಾಗುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತೆವು. ವಾಸ್ತವದಲ್ಲಿ ಆ ಕೆಲಸ ಮಾಡುವವರಲ್ಲಿ ಒಂದಷ್ಟು ಜನ ಮೇಲಿನಿಂದಲೇ ಎಲೆಯೊಳಗೆ ಕೂತು ಬರುತ್ತಾರೆ. ಎಲ್ಲರಿಗಿಂತ ಮೊದಲು ಜಾಗ ಹಿಡಿದಿರುವುದರಿಂದ ಊಟಕ್ಕೂ ಅವರೇ ಮೊದಲು. ಮುದುಮಲೈಯಂತಹ ಒಣಕಾಡಿನಲ್ಲಿ ಬೇಸಿಗೆಯ ಬೆಂಕಿ ಈ ಎಲೆಕಸವನ್ನು ಸುಡುತ್ತದಲ್ಲ, ಆಗ ಏನಾಗುತ್ತದೆ? ಪಶ್ಚಿಮ ಘಟ್ಟದ ಬೆಂಕಿಗೆ ಸಿಕ್ಕುವ ಕಾಡುಗಳ ಎಲೆಕಸದಿಂದ ಬೇರ್ಪಡಿಸಿದ ಕೆಲವು ಶಿಲೀಂಧ್ರಗಳ ಬೀಜಕಗಳು 115 ಡಿಗ್ರಿ ಸೆಲ್ಸಿಯಸ್ ಒಣಶಾಖವನ್ನು ತಾಳಿಕೊಂಡು ಮೊಳೆತವೆಂದು ಇದೇ ಚೆನ್ನೈ ತಂಡ ಅಮೆರಿಕದ ನಿಕೊಲಸ್ ಮನಿ ಅವರೊಡನೆ 2011ರಲ್ಲಿ ಬರೆಯಿತು. ಲೇಖನದ ಶೀರ್ಷಿಕೆಯಲ್ಲಿ ಅವುಗಳನ್ನು ಅಗ್ನಿಯ ಶಿಲೀಂಧ್ರಗಳೆಂದು ಕರೆದಿದ್ದಾರೆ.

ಮೇಲ್ಚಾವಣಿಯಲ್ಲಿ ನೀರು ನಿಲ್ಲುವ ಜಾಗಗಳೂ ಇವೆ. ಇಂಗ್ಲೆಂಡಿನ ಸಿ. ಟಿ. ಇಂಗೋಲ್ಡ್ 1942ರಲ್ಲಿ, ತೊರೆಯಲ್ಲಿ ಬಿದ್ದು ಕೊಳೆಯುವ ಎಲೆಗಳ ಮೇಲೆ ಬೆಳೆಯುವ ಒಂದು ವಿಚಿತ್ರ ಶಿಲೀಂಧ್ರಗುಂಪನ್ನು ವಿವರಿಸಿದರು. ಅವುಗಳಲ್ಲಿ ಅನೇಕದರ ಬೀಜಕ ದುಂಡಗಿಲ್ಲ, ನಾಲ್ಕು ತೋಳುಗಳದ್ದು. ನೆಗ್ಗಿಲು ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲೆ ಉಳಿದವು ಕೆಳಗೆ ಊರಿಕೊಳ್ಳುವಂತೆ, ಈ ಬೀಜಕ ಹರಿಯುವ ನೀರಿನಲ್ಲಿ ಎಲೆಗೆ ತಗುಲಿದಾಗ ಮೂರು ತುದಿ ಊರಿ ನಿಲ್ಲುತ್ತದೆ, ಕೊಚ್ಚಿಹೋಗುವುದಿಲ್ಲ. ಇವು ಹೊಳೆಯವೇ ಎಂದು ಎಲ್ಲರೂ ನಂಬಿದ್ದರು. 1984ರಲ್ಲಿ ಜಪಾನಿನ ಆಂಡೋ ಮತ್ತು ತುಬಾಕಿ ಮರಗಳಿಂದ ತೊಟ್ಟಿಕ್ಕುವ ಮಳೆನೀರನ್ನು ಹಿಡಿದು ನೋಡಿದಾಗ ಅಂತಹವೇ ಬೀಜಕಗಳು ಸಿಕ್ಕವು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕೆ. ಆರ್. ಶ್ರೀಧರ್ ಮತ್ತು ಕರಂಚಂದ್ ಕರಾವಳಿ ಹಾಗೂ ಘಟ್ಟದ ಮರಗಳ ಪೊಟರೆಗಳಲ್ಲಿ ನಿಂತ ನೀರು, ಕಾಂಡದ ಗುಂಟ ಇಳಿಯುವ ಮಳೆನೀರು, ಮರದ ಮೇಲೆ ಬೆಳೆಯುವ ಜರೀಗಿಡಗಳ ಬುಡದಲ್ಲಿ ಸಿಕ್ಕಿಕೊಂಡ ಕಸ ಇವುಗಳಲ್ಲೆಲ್ಲ ಇವನ್ನು ಹುಡುಕಿ ತೋರಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಆ ಸೀಮೆಯಲ್ಲಿ ಮರದ ಮೇಲೂ ಸಣ್ಣ ಸಣ್ಣ ಹೊಳೆಗಳಿವೆ ಎಂದರೆ ಉತ್ಪ್ರೇಕ್ಷೆಯಾಗದು. ಚೆನ್ನೈಗೆ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆ ದಿನಗಳಲ್ಲಿ ಹಳೆಯ ಮರದ ಕವಲಿನಲ್ಲಿ ನಿಂತ ಕಂದು ನೀರನ್ನು ಕಂಡರೆ ಸೊಳ್ಳೆಯೊಂದನ್ನೇ ನೆನೆಯಬೇಡಿ.

ಶಿಲೀಂಧ್ರಗಳ ಅಧ್ಯಯನಕ್ಕೆ ಚೆನ್ನೈಯಲ್ಲಿ ಇನ್ನೊಂದು ನೆಲೆಯೂ ಇದೆ. ಮಾಂಬಲಂ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಸೈದಾಪೇಟೆ ದಾಟಿದರೆ ಗಿಂಡಿ. ಅಲ್ಲಿನ ಮದ್ರಾಸು ವಿಶ್ವವಿದ್ಯಾಲಯದ ಆವರಣದಲ್ಲಿರುವ ಸಸ್ಯಶಾಸ್ತ್ರದ ಉನ್ನತ ಅಧ್ಯಯನ ಕೇಂದ್ರಕ್ಕೆ ಶಿಲೀಂಧ್ರಶಾಸ್ತ್ರದಲ್ಲಿ ದೊಡ್ಡ ಹೆಸರು ತಂದವರು ಸಿ. ವಿ. ಸುಬ್ರಮಣಿಯನ್. ಭಾರತದ ಬೂಷ್ಟುಗಳ ಬಗ್ಗೆ 1971ರಲ್ಲಿ ಬಂದ ಅವರ ಬೃಹತ್ ಗ್ರಂಥವನ್ನು ಇಂದಿಗೂ ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡುವವರಿದ್ದಾರೆ. ಗೋವಾದ ಡಿ. ಜೆ. ಭಟ್ 1993ರಲ್ಲಿ ಕೆನಡಾದ ಕೆಂಡ್ರಿಕ್ ಅವರೊಡನೆ ಪಶ್ಚಿಮ ಘಟ್ಟ ಮತ್ತು ಅಂಡಮಾನಿನಿಂದ 25 ಹೊಸ ಶಿಲೀಂಧ್ರಗಳನ್ನು ಒಂದೇ ಲೇಖನದಲ್ಲಿ ವಿವರಿಸಿದರು. ಅಷ್ಟು ಹೊಸವು ಒಟ್ಟಿಗೆ ಸಿಕ್ಕವೆಂದರೆ ಇನ್ನೂ ಎಷ್ಟು ಉಳಿದಿರಬಹುದು ಎಂದು ನೀವೇ ಊಹಿಸಿ.

ಈಗ ನಿಮ್ಮ ಕೈಕೆಲಸ. ಮಸಿ ಬೂಷ್ಟನ್ನು ನೋಡಲು ಪಾರದರ್ಶಕ ಸೆಲೋಟೇಪನ್ನು ಎಲೆಯ ಕಪ್ಪಿನ ಮೇಲೆ ಒತ್ತಿ ತೆಗೆದು ಗಾಜಿನ ಪಟ್ಟಿಗೆ ಅಂಟಿಸಿ. ಕಾಗದದಿಂದ ಮಡಚುವ ಫೋಲ್ಡ್‌ಸ್ಕೋಪ್ ಸೂಕ್ಷ್ಮದರ್ಶಕ 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಕಂದು ತಂತುಗಳ ಜಾಲವನ್ನು ಗುರುತಿಸಲು ಅಷ್ಟು ಸಾಕು.

ಗುಲಾಬಿ ಯೀಸ್ಟನ್ನು ಹಿಡಿಯಲು 20 ಗ್ರಾಂ ಆಲೂಗಡ್ಡೆಯನ್ನು 100 ಮಿಲಿಲೀಟರ್ ನೀರಿನಲ್ಲಿ ಬೇಯಿಸಿ ಸೋಸಿ. ಅದಕ್ಕೆ 2 ಗ್ರಾಂ ಸಕ್ಕರೆ ಮತ್ತು 2 ಗ್ರಾಂ ಚೈನಾ ಗ್ರಾಸ್ ಹಾಕಿ ಕರಗಿಸಿ. ಇಲ್ಲಿನ ಅಂಗಡಿಯಲ್ಲಿ ಕಡಲ್ ಪಾಸಿ ಎಂದು ಕೇಳಿದರೆ ಕೊಡುತ್ತಾರೆ. ಪ್ರಯೋಗಾಲಯದ ಅಗಾರ್ ಕೂಡ ಅದೇ ವಸ್ತು. ಅಡುಗೆಮನೆಯ ಈ ಪದಾರ್ಥವನ್ನು ರಾಬರ್ಟ್ ಕಾಕ್ ಅವರ ಪ್ರಯೋಗಾಲಯಕ್ಕೆ ಸೂಚಿಸಿದವರು ಅಲ್ಲಿನ ಸಹಾಯಕರೊಬ್ಬರ ಪತ್ನಿ ಫ್ಯಾನಿ ಹೆಸ್ಸೆ. ಅಗಲ ಬಾಯಿಯ ಚಿಕ್ಕ ಗಾಜಿನ ಭರಣಿಯಲ್ಲಿ ಇದನ್ನು ಒಂದು ಬೆರಳಿನ ಎತ್ತರಕ್ಕೆ ಸುರಿದು, ಮುಚ್ಚಳ ಸಡಿಲವಾಗಿಟ್ಟು, ಪ್ರೆಶರ್ ಕುಕ್ಕರಿನಲ್ಲಿ 20 ನಿಮಿಷ ಬೇಯಿಸಿ, ತಾನಾಗಿ ಆರಲು ಬಿಡಿ. ಹೆಪ್ಪುಗಟ್ಟಿದ ಮೇಲೆ ಮುಚ್ಚಳದ ಒಳಮೈಗೆ ಒಂದು ಚುಕ್ಕೆ ವ್ಯಾಸಲೀನ್ ಹಚ್ಚಿ, ಮಾವಿನ ಎಲೆಯ ಸಣ್ಣ ಚೂರನ್ನು ಅಂಟಿಸಿ ಬೇಗ ಮುಚ್ಚಿ. ಎಲೆ ಅಗಾರನ್ನು ತಾಗಬಾರದು, ಅದರ ಮೇಲೆ ತೂಗಾಡುತ್ತಿರಬೇಕು. ಧನುರ್ಮಾಸದ ಇಬ್ಬನಿಯ ದಿನಗಳಲ್ಲಿ ಕಿತ್ತ ಎಲೆ ಒಳ್ಳೆಯದು, ಏಪ್ರಿಲ್ ಬಿಸಿಲಿನದು ನಿರಾಶೆ ಮಾಡಬಹುದು. ಮಾರನೆಯ ದಿನ ಎಲೆಯನ್ನು ತೆಗೆದುಬಿಟ್ಟು ಮತ್ತೆ ಮುಚ್ಚಿಡಿ. ಮೂರು ನಾಲ್ಕು ದಿನಗಳಲ್ಲಿ ಎಲೆಚೂರಿನ ಆಕಾರದಲ್ಲಿಯೇ ಗುಲಾಬಿ ಚುಕ್ಕೆಗಳು ಕೆಳಗೆ ಮೂಡಿದರೆ ಅವು ಮೇಲಿನಿಂದ ಚಿಮ್ಮಿ ಬಿದ್ದ ಬೀಜಕಗಳ ಮಕ್ಕಳು. ಹಸಿರು ಅಥವಾ ಬೂದು ತುಪ್ಪುಳು ಎಲ್ಲೆಂದರಲ್ಲಿ ಬೆಳೆದರೆ ಅದು ಮುಚ್ಚಳ ತೆರೆದಾಗ ಒಳಗೆ ಬಂದ ಮನೆಯ ಬೂಷ್ಟು; ಇನ್ನೊಮ್ಮೆ, ಫ್ಯಾನ್ ಆರಿಸಿ, ಬೇಗ ಮುಚ್ಚಿ ಮಾಡಿ. ಎರಡರಲ್ಲಿ ಯಾವುದಾದರೂ ಸರಿ, ಬೆಳೆದ ಮೇಲೆ ಭರಣಿಯನ್ನು ತೆರೆದು ಮೂಸಬೇಡಿ, ಉಬ್ಬಸ ಇರುವವರಂತೂ ಬೇಡವೇ ಬೇಡ. ನೋಡಿ ಮುಗಿದ ಮೇಲೆ ಮುಚ್ಚಳವನ್ನು ತುಸು ಸಡಿಲಿಸಿ, ತೆರೆಯದೆಯೇ ಮತ್ತೊಮ್ಮೆ ಕುಕ್ಕರಿನಲ್ಲಿ ಬೇಯಿಸಿ ಚೆಲ್ಲಿ.